ಬಾಲಿಗೆ ಹೊರಟ ಮಗಳಿಗೆ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಡೆದ ಮಾತನ್ನು ಇಲ್ಲಿ ಎತ್ತುವುದಿಲ್ಲ. ನಿನ್ನ ಸಂಬಳದಲ್ಲಿ ಟಿಕೆಟ್ ತೆಗೆದು, ಒಳನಾಡಿನ ಉಬುಡ್‌ ಊರಿನಲ್ಲಿ ಎಷ್ಟು ರಾತ್ರಿ, ಕಡಲ ಪಕ್ಕ ಎಷ್ಟು ರಾತ್ರಿ ಎಂದು ನೀನೇ ಲೆಕ್ಕ ಹಾಕಿದ್ದನ್ನು ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನನಗೂ ಹೆಮ್ಮೆಯೇ. ಆದರೆ ಆ ಪಟ್ಟಿಯಲ್ಲಿ ಸೆಮಿನ್ಯಾಕ್, ಚಾಂಗು ಕಡಲತೀರಗಳ ಹೆಸರು ಓದಿದ ಮೇಲೆ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ವೀಸಾ ಶುಲ್ಕ ಇಂಡೋನೇಷ್ಯಾದ ಹಣದಲ್ಲಿ 5 ಲಕ್ಷ ರುಪಿಯಾ, ದ್ವೀಪದ ಪ್ರವಾಸಿ ಶುಲ್ಕ ಬೇರೆ ಒಂದೂವರೆ ಲಕ್ಷ. ಎರಡನ್ನೂ ಆನ್‌ಲೈನ್‌ನಲ್ಲೇ ಕಟ್ಟಿಬಿಡು. ವೀಸಾದ 30 ದಿನ ಎಣಿಸುವಾಗ ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ.

ಈಗ ಕಡಲು. ಬಾಲಿಯ ಕಡಲು ಎಲ್ಲ ಕಡೆ ಒಂದೇ ತರ ಇಲ್ಲ. ಪೂರ್ವಕ್ಕಿರುವ ಸನೂರ್, ನುಸಾ ದುವಾಗಳ ಮುಂದೆ ಹವಳದ ದಿಬ್ಬ ಅಡ್ಡವಿದೆ. ದೊಡ್ಡ ಅಲೆ ಅಲ್ಲೇ ಒಡೆದು, ದಡ ಮುಟ್ಟುವ ಹೊತ್ತಿಗೆ ಸೋತಿರುತ್ತದೆ. ಇಳಿತದ ಹೊತ್ತಿನಲ್ಲಿ ಈಜಲು ನೀರೇ ಸಾಲದು ಎಂದು ಜನ ಗೊಣಗುತ್ತಾರೆ, ಗೊಣಗಲಿ. ಪಶ್ಚಿಮಕ್ಕೆ ಮುಖ ಮಾಡಿದ ಕೂಟಾ, ಲೆಗಿಯಾನ್, ಸೆಮಿನ್ಯಾಕ್, ಚಾಂಗುಗಳಲ್ಲಿ ಹಿಂದೂ ಮಹಾಸಾಗರದ ಅಲೆ ನೇರವಾಗಿ ಬಂದು ಬಡಿಯುತ್ತದೆ. ಸರ್ಫಿಂಗ್‌ನವರು ಹುಡುಕಿಕೊಂಡು ಬರುವುದೇ ಅದಕ್ಕೆ. ಈಜುಕೊಳದಲ್ಲಿ ಕಲಿತ ಈಜು ಅಲ್ಲಿ ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ.

ಅಲ್ಲಿ ಅಪಾಯ ದೊಡ್ಡ ಅಲೆಯಲ್ಲಿ ಮಾತ್ರ ಇಲ್ಲ. ಅಲೆಗಳು ದಡಕ್ಕೆ ತಳ್ಳಿದ ನೀರು ವಾಪಸ್ ಹೋಗಲೇಬೇಕಲ್ಲ, ಅದು ಮರಳ ದಿಬ್ಬದಲ್ಲಿ ಎಲ್ಲಿ ಸಂದು ಸಿಕ್ಕುತ್ತದೋ ಅಲ್ಲಿಂದ ಕಡಲಿನೊಳಕ್ಕೆ ನುಗ್ಗುತ್ತದೆ. ಇದೇ ರಿಪ್ ಕರೆಂಟ್. ಆ ಸಂದಿನಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದಿಲ್ಲ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಮಾತ್ರ ಕಪ್ಪಗೆ, ನಯವಾಗಿ ಕಾಣುತ್ತದೆ. ಕೆಲವೊಮ್ಮೆ ಕಲಕಿದ ಮರಳು, ಕಸ ಒಂದೇ ಸಾಲಿನಲ್ಲಿ ಹೊರಕ್ಕೆ ತೇಲುತ್ತಿರುತ್ತದೆ. ಹೊಸಬರು "ಇಲ್ಲಿ ಅಲೆ ಇಲ್ಲ" ಎಂದುಕೊಂಡು ಸರಿಯಾಗಿ ಅಲ್ಲೇ ಇಳಿಯುತ್ತಾರೆ. ನೀನು ಹಾಗೆ ಮಾಡಬೇಡ. ಹೋದ ತಕ್ಷಣ ಚಪ್ಪಲಿ ಬಿಟ್ಟು ಓಡಬೇಡ. ಸ್ವಲ್ಪ ಎತ್ತರದಲ್ಲಿ ನಿಂತು ಹತ್ತು ನಿಮಿಷ ನೀರನ್ನು ನೋಡು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ನಡುವೆ ಕಡಲು ಶಾಂತವಾದಂತೆ ಕಾಣುವ ಹೊತ್ತೇ ಜನ ಮೋಸ ಹೋಗುವ ಹೊತ್ತು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿ. ಬರೀ ಕೆಂಪು ಬಾವುಟವಿದ್ದರೆ ಇಳಿಯಲೇಬೇಡ, ಪಕ್ಕದಲ್ಲಿ ನೂರು ಜನ ಆಡುತ್ತಿದ್ದರೂ ಸರಿಯೇ.

ಅಕಸ್ಮಾತ್ ಸಿಕ್ಕಿಕೊಂಡರೆ, ಆ ಹರಿವು ನಿನ್ನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ, ಅಷ್ಟೇ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರರೂ ಅದರೆದುರು ಈಜಿ ಗೆಲ್ಲಲಾರರು. ಜನ ಸಾಯುವುದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಮೊದಲು ಅಂಗಾತ ತೇಲು, ಉಸಿರು ಹಿಡಿತಕ್ಕೆ ಬರಲಿ, ಕೈ ಎತ್ತಿ ಬೀಸು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜು. ಎಳೆತ ನಿಂತಿತು ಅನ್ನಿಸಿದ ಮೇಲೆ, ಅಲೆ ಒಡೆಯುತ್ತಿರುವ ಜಾಗದ ಕಡೆ ಓರೆಯಾಗಿ ಬಾ. ಆ ಅಲೆಗಳೇ ದಡಕ್ಕೆ ತಳ್ಳುತ್ತವೆ. ಗೆಳತಿ ಸಿಕ್ಕಿಕೊಂಡರೆ ನೀನು ಹಾರಬೇಡ. ನಿನಗಿದು ಕಷ್ಟವಾಗುತ್ತದೆಂದು ಗೊತ್ತು, ಆದರೂ ಹೇಳುತ್ತೇನೆ. ಲೈಫ್‌ಗಾರ್ಡನ್ನು ಕೂಗು, ಸರ್ಫ್ ಬೋರ್ಡ್, ಖಾಲಿ ಕ್ಯಾನ್, ತೇಲುವ ಏನಾದರೂ ಎಸೆ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮುಳುಗುವುದು ಹೀಗೇ.

ಪಾಠ ಆಯಿತು, ಅಲ್ಲವಾ? ಇಷ್ಟು ಕೊರೆದದ್ದಕ್ಕೆ ಕ್ಷಮಿಸು. ಬೇರೆ ವಿಷಯಕ್ಕೆ ಬರುತ್ತೇನೆ.

ದೇವಸ್ಥಾನಗಳಿಗೆ ಲುಂಗಿಯಂತೆ ಸುತ್ತಿಕೊಳ್ಳುವ ಸರೋಂಗ್, ಸೊಂಟಕ್ಕೆ ಪಟ್ಟಿ ಬೇಕು. ಬಹಳ ಕಡೆ ಬಾಗಿಲಲ್ಲೇ ಕೊಡುತ್ತಾರೆ, ಆದರೂ ನಿನ್ನದೇ ಒಂದು ಇಟ್ಟುಕೋ. ಮುಟ್ಟಾದಾಗ ಒಳಗೆ ಬರಬೇಡಿ ಎಂಬ ಫಲಕ ಇರುತ್ತದೆ. ಅದರ ಬಗ್ಗೆ ನಿನ್ನ ವಾದ ಏನೆಂದು ನನಗೆ ಗೊತ್ತು. ಅಲ್ಲಿ ನಾವು ಅತಿಥಿಗಳು. ತೀರ್ಥ ಎಂಪುಲ್ ದೇವಸ್ಥಾನದಲ್ಲಿ ಸಾಲಾಗಿ ನೀರು ಬೀಳುವ ಬಾಯಿಗಳಲ್ಲಿ ಎರಡು ಸತ್ತವರ ಕರ್ಮಕ್ಕೆ ಮೀಸಲು. ಅಲ್ಲಿನವರು ಯಾವುದನ್ನು ಬಿಟ್ಟು ಮುಂದೆ ಸರಿಯುತ್ತಾರೋ ನೋಡಿಕೊಂಡು ನೀನೂ ಸರಿ. ರಸ್ತೆ ಬದಿಯಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನ, ಊದುಬತ್ತಿ ಇಟ್ಟಿರುತ್ತಾರೆ. ತುಳಿಯದೆ ಸುತ್ತಿ ಹೋಗು.

ಉಲುವಾಟು ದೇವಸ್ಥಾನದ ಕೋತಿಗಳು ಕನ್ನಡಕ, ಫೋನ್ ಕಿತ್ತುಕೊಂಡು, ತಿನ್ನಲು ಕೊಟ್ಟರೆ ವಾಪಸ್ ಕೊಡುತ್ತವೆ. ಜಾಣ ಪ್ರಾಣಿಗಳು. ಆದರೆ ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ನಾಯಿಯೋ ಕೋತಿಯೋ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆದು, ಅವತ್ತೇ ಲಸಿಕೆ ಹಾಕಿಸಿಕೋ. ಊರಿಗೆ ಬಂದು ನೋಡೋಣ ಅನ್ನಬೇಡ.

ಸ್ಕೂಟರ್ ಬೇಡ ಎಂದರೆ ನೀನು ಕೇಳುವುದಿಲ್ಲ. ಆರ್‌ಟಿಒದಿಂದ ದ್ವಿಚಕ್ರ ವಾಹನವೂ ನಮೂದಾಗಿರುವ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸು. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಗಾಡಿ ತೆಗೆದುಕೊಳ್ಳುವಾಗ ಗೀರು, ತಗ್ಗುಗಳ ವಿಡಿಯೋ ಮಾಡಿಕೋ. ಪಾಸ್‌ಪೋರ್ಟನ್ನು ಅಡ ಇಡಬೇಡ.

ಹಣ ಬದಲಾಯಿಸುವಾಗ ಸೊನ್ನೆ ಎಣಿಸು. "ಕಮಿಷನ್ ಇಲ್ಲ" ಎಂದು ಅತಿ ಹೆಚ್ಚು ದರ ಬರೆದಿರುವ ಗಲ್ಲಿ ಅಂಗಡಿಗಳಲ್ಲಿ ಸಣ್ಣ ನೋಟುಗಳ ರಾಶಿ ಹಾಕಿ, ಮತ್ತೊಮ್ಮೆ ಎಣಿಸುವ ನೆಪದಲ್ಲಿ ಕೆಲವನ್ನು ಮೇಜಿನ ಹಿಂದಕ್ಕೆ ಜಾರಿಸುತ್ತಾರೆ. ಕೊನೆಗೆ ಎಣಿಸಿದ ಕೈ ನಿನ್ನದಾಗಿರಬೇಕು, ಆಮೇಲೆ ಅವರು ಮುಟ್ಟಬಾರದು. ಎಟಿಎಂಗಳಲ್ಲಿ ಬಹಳಷ್ಟು ಕಡೆ ದುಡ್ಡು ಮೊದಲು ಬರುತ್ತದೆ, ಕಾರ್ಡ್ ಆಮೇಲೆ. ದುಡ್ಡು ಹಿಡಿದು ಹೊರಟುಬಿಟ್ಟೀಯಾ.

ಊಟಕ್ಕೆ ಸೋಯಾದ ಟೆಂಪೆ, ತಾಹು (ತೋಫು), ಕಡಲೆಕಾಯಿ ಸಾಸಿನ ತರಕಾರಿ ಗಾಡೋ-ಗಾಡೋ ಇದೆ, ಉಪವಾಸ ಬೀಳುವುದಿಲ್ಲ. ಚಟ್ನಿಯಂತಿರುವ ಸಂಬಲ್‌ನಲ್ಲಿ ತೆರಾಸಿ ಎಂಬ ಸಿಗಡಿಯ ಪೇಸ್ಟ್ ಇರುತ್ತದೆ. "ತನ್ಪಾ ತೆರಾಸಿ", ಅಂದರೆ ತೆರಾಸಿ ಇಲ್ಲದ್ದು, ಎಂದು ಹೇಳಿ ಕೇಳು. ಬಾರಿನಲ್ಲಿ ಅಗ್ಗದ ಅರಾಕ್ (ಅಲ್ಲಿನ ಸಾರಾಯಿ) ಬೆರೆಸಿದ್ದು ಬೇಡ, ಮೆಥನಾಲ್ ಸೇರಿ ಜನ ಸತ್ತಿದ್ದಾರೆ. ನೀನು ಕುಡಿಯುತ್ತೀಯಾ ಎಂದು ನಾನು ಕೇಳುತ್ತಿಲ್ಲ.

ಮತ್ತೆ ಕಡಲಿಗೇ ಬಂದೆ, ಬೈಯಬೇಡ. ಪಕ್ಕದ ದ್ವೀಪ ನುಸಾ ಪೆನಿಡಾಕ್ಕೆ ಹೋದಾಗ ಕೆಲಿಂಗ್‌ಕಿಂಗ್‌ ಕಡಲತೀರದ ಕಡಿದಾದ ಮೆಟ್ಟಿಲಿಳಿದರೂ ನೀರಿಗೆ ಇಳಿಯಬೇಡ. ಏಂಜಲ್ಸ್ ಬಿಲ್ಲಬಾಂಗ್ ಕನ್ನಡಿಯಂಥ ಕೊಳ. ಉಬ್ಬರದಲ್ಲಿ ಬಂಡೆ ದಾಟಿ ಬಂದ ಒಂದು ಅಲೆ ಒಳಗಿದ್ದವರನ್ನು ಹೊರಗೆ ಸೆಳೆಯುತ್ತದೆ. ಬಂಡೆ ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೂ ಬಂದಿದೆ ಎಂದೇ ಅರ್ಥ, ಅದರ ಮೇಲೆ ನಿಲ್ಲಬೇಡ. ಕಡಲಿಗೆ ಬೆನ್ನು ಮಾಡಿ ಸೆಲ್ಫಿ ಬೇಡ.

ವಿಮೆಯ ಪ್ರತಿ, ಹೋಟೆಲುಗಳ ವಿಳಾಸ ವಾಟ್ಸಾಪ್‌ಗೆ ಹಾಕು. ತುರ್ತಿಗೆ ಅಲ್ಲಿನ ಸಂಖ್ಯೆ 112. ಡೆನ್‌ಪಸಾರ್‌ನಲ್ಲಿ ನಮ್ಮ ಕಾನ್ಸುಲೇಟ್ ಇದೆ. ಗಂಟೆಗೊಮ್ಮೆ ಫೋನ್ ಮಾಡುವುದಿಲ್ಲ, ಮಾತು ಕೊಡುತ್ತೇನೆ. ನೀರಿಗೆ ಇಳಿದ ದಿನ ಮಾತ್ರ, ಎದ್ದು ಬಂದ ಮೇಲೆ ಒಂದು ಮೆಸೇಜ್ ಸಾಕು. ಅಲ್ಲಿ ರಾತ್ರಿ ಒಂಬತ್ತಾದರೆ ಇಲ್ಲಿ ಆರೂವರೆ, ಆ ಹೊತ್ತಿಗೆ ಅಪ್ಪನೂ ಮನೆಯಲ್ಲಿರುತ್ತಾರೆ.

ಇಂತಿ,
ಅಮ್ಮ