ಲಸಿಕೆಗೆ ಹೆಚ್ಚು ತಂಪೂ ಅಪಾಯ

ಮಾನ್ಯ ಸಂಪಾದಕರೇ,

ಹೊಸ ಲಸಿಕೆಯ ಸುದ್ದಿ ಬಂದಾಗಲೆಲ್ಲ ಚರ್ಚೆ ಪ್ರಯೋಗಾಲಯದ ಸುತ್ತಲೇ ನಡೆಯುತ್ತದೆ. ಅಲ್ಲಿಂದ ಹೊರಟ ವಯಲ್‌ (ಲಸಿಕೆಯ ಪುಟ್ಟ ಶೀಶೆ) ಮಗುವನ್ನು ತಲುಪುವ ಹೊತ್ತಿಗೆ ಯಾವ ಸ್ಥಿತಿಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಬಿಸಿಲಿನಿಂದ ಕಾಪಾಡಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ‘ತಂಪು ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ನಂಬಿಕೆಯಿಂದಲೂ ಲಸಿಕೆ ಹಾಳಾಗುತ್ತದೆ, ಅದೂ ಯಾರ ಗಮನಕ್ಕೂ ಬಾರದಂತೆ.

ಧನುರ್ವಾಯು, ಗಂಟಲಮಾರಿ, ಹೆಪಟೈಟಿಸ್‌ ಬಿ, ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್‌ ತರುವ ವೈರಸ್‌) ಲಸಿಕೆಗಳಲ್ಲಿ ರೋಗಾಣುವಿನ ಅಂಶವನ್ನು ಅಲ್ಯೂಮಿನಿಯಂ ಲವಣದ ಸೂಕ್ಷ್ಮ ಕಣಗಳಿಗೆ ಅಂಟಿಸಿರುತ್ತಾರೆ. ಬರೀ ಪ್ರೋಟೀನ್‌ ಚುಚ್ಚಿದರೆ ದೇಹದ ಪ್ರತಿಕ್ರಿಯೆ ದುರ್ಬಲ. ಕಣಕ್ಕಂಟಿದ್ದರೆ ರಕ್ಷಕ ಕೋಶಗಳು ಅದನ್ನು ನುಂಗಿ, ದುಗ್ಧಗ್ರಂಥಿಗೆ ಒಯ್ದು, ರೋಗನಿರೋಧಕ ಪ್ರತಿಕ್ರಿಯೆಯನ್ನು ನಡೆಸುವ ಟಿ ಕೋಶಗಳ ಮುಂದಿಡುತ್ತವೆ. 1926ರಲ್ಲಿ ಬ್ರಿಟಿಷ್‌ ವಿಜ್ಞಾನಿ ಗ್ಲೆನ್ನಿಯ ತಂಡ ಕಂಡುಕೊಂಡ ಈ ಉಪಾಯ ಇಂದಿಗೂ ಕೈಬಿಟ್ಟಿಲ್ಲ. ದ್ರವ ಹೆಪ್ಪುಗಟ್ಟಿದಾಗ ಹಿಮದ ಹರಳುಗಳು ಈ ಕಣಗಳನ್ನು ಒತ್ತರಿಸುತ್ತವೆ. ಕರಗಿದ ಮೇಲೂ ಅವು ಬಿಡಿಸಿಕೊಳ್ಳದೆ ಗಂಟುಗಳಾಗಿ ಉಳಿಯುತ್ತವೆ, ಲಸಿಕೆಯ ಶಕ್ತಿ ಕುಗ್ಗುತ್ತದೆ. ಹೆಪಟೈಟಿಸ್‌ ಬಿ ಲಸಿಕೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟಬಲ್ಲದು. ಇಂಥ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ ಎಂದು ಬರೆದಿರುವಾಗ, ಆ 2 ಕೂಡ 8ರಷ್ಟೇ ಗಟ್ಟಿ ಗೆರೆ.

ವಯಲ್‌ ಮೇಲಿನ ಬಣ್ಣ ಬದಲಿಸುವ ಚೌಕ ಬಿಸಿಯನ್ನು ಮಾತ್ರ ದಾಖಲಿಸುತ್ತದೆ. ಹೆಪ್ಪುಗಟ್ಟಿ ಕರಗಿದ ಲಸಿಕೆಯ ಚೌಕ ತಿಳಿಯಾಗಿಯೇ ಇರುತ್ತದೆ! ಅನುಮಾನ ಬಂದರೆ ಕುಲುಕು ಪರೀಕ್ಷೆಯೇ ದಾರಿ. ಅದೇ ತಯಾರಕರ, ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ತಾನಾಗಿ ಕರಗಲು ಬಿಡಬೇಕು. ಅದನ್ನೂ ಅನುಮಾನದ ವಯಲನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡು ಕುಲುಕಿ, ಸಮತಟ್ಟಾದ ಮೇಜಿನ ಮೇಲಿಟ್ಟು 30 ನಿಮಿಷ ನೋಡಬೇಕು. ಅನುಮಾನದ ವಯಲ್‌ನಲ್ಲಿ ಗಸಿ, ಬೇಕೆಂದೇ ಹೆಪ್ಪುಗಟ್ಟಿಸಿದ ವಯಲ್‌ನಷ್ಟೇ ಬೇಗ ಅಥವಾ ಇನ್ನೂ ಬೇಗ ತಳ ಸೇರಿದರೆ ಆ ಲಸಿಕೆ ಬಳಸಬಾರದು. ಅಲ್ಯೂಮಿನಿಯಂ ಇಲ್ಲದ ಲಸಿಕೆಗೆ ಈ ಪರೀಕ್ಷೆ ಸಲ್ಲದು. ಹೆಪ್ಪುಗಟ್ಟಿರುವುದು ಕಣ್ಣಿಗೇ ಕಂಡ ವಯಲ್‌ಗೆ ಪರೀಕ್ಷೆಯ ಗೊಡವೆಯೇ ಬೇಡ, ನೇರ ವಿಲೇವಾರಿ.

ತಪ್ಪು ಹೆಚ್ಚಾಗಿ ಆಗುವುದು ಸಾಗಣೆಯಲ್ಲಿ. ಫ್ರೀಜರ್‌ನಿಂದ ತೆಗೆದ ಐಸ್‌ ಪ್ಯಾಕನ್ನು ಅವಸರದಲ್ಲಿ ಹಾಗೆಯೇ ಪೆಟ್ಟಿಗೆಗೆ ಇಟ್ಟರೆ ಪಕ್ಕದ ವಯಲ್‌ ಹೆಪ್ಪುಗಟ್ಟುತ್ತದೆ. ಪ್ಯಾಕ್‌ ಅಲುಗಾಡಿಸಿದಾಗ ಒಳಗೆ ನೀರಾಡುವ ಸದ್ದು ಕೇಳುವವರೆಗೂ ಕಾಯಲೇಬೇಕು. ಫ್ರಿಜ್ಜಿನಲ್ಲೂ ಫ್ರೀಜರ್‌ ಕಪಾಟಿಗೆ, ಹಿಂಬದಿಯ ಗೋಡೆಗೆ ತಾಗಿಸಿ ಇಡಬಾರದು.

ಎಲ್ಲ ಲಸಿಕೆಗೂ ಇದೇ ನಿಯಮವಲ್ಲ ಎಂಬುದೇ ತೊಡಕು. ಒಣಪುಡಿಯ ದಡಾರ ಲಸಿಕೆಗೆ ಹಿಮದಿಂದ ತೊಂದರೆಯಿಲ್ಲ, ಆದರೆ ಅದಕ್ಕೆ ಬೆರೆಸುವ ದ್ರಾವಕ ಹೆಪ್ಪುಗಟ್ಟಿದರೆ ಗಾಜು ಸೀಳಬಹುದು. ಬೆರೆಸಿದ ಮೇಲೆ ಆರು ಗಂಟೆ ಮೀರಿದರೆ ಅದನ್ನೂ ಎಸೆಯಬೇಕು, ಏಕೆಂದರೆ ಅದರಲ್ಲಿ ಬ್ಯಾಕ್ಟೀರಿಯಾ ತಡೆಯುವ ಸಂರಕ್ಷಕ ಇರುವುದಿಲ್ಲ.

ಪರಿಹಾರಗಳೂ ಬಂದಿವೆ. ಐಸ್‌ ಪ್ಯಾಕಿಗೂ ವಯಲ್‌ಗೂ ನಡುವೆ ತಡೆಪದರವಿರುವ ಪೆಟ್ಟಿಗೆಗಳಿವೆ. ಪ್ರೊಪಿಲಿನ್‌ ಗ್ಲೈಕಾಲ್‌ ಎಂಬ ದ್ರವ ಬೆರೆಸಿದರೆ ಹೆಪಟೈಟಿಸ್‌ ಬಿ ಲಸಿಕೆ ಹೆಪ್ಪುಗಟ್ಟುವಿಕೆಯನ್ನು ತಾಳಿಕೊಳ್ಳುವುದು ಪ್ರಯೋಗಗಳಲ್ಲಿ ಕಂಡಿದೆ. ಮೆನಿಂಜೈಟಿಸ್‌ ಎ ಲಸಿಕೆ ಮೆನ್‌ಆಫ್ರಿವ್ಯಾಕನ್ನು 40 ಡಿಗ್ರಿಯವರೆಗೆ, ನಾಲ್ಕು ದಿನಗಳ ಮಟ್ಟಿಗೆ ಐಸ್‌ ಇಲ್ಲದೆಯೇ ಒಯ್ಯಲು 2012ರಲ್ಲೇ ಒಪ್ಪಿಗೆ ಸಿಕ್ಕಿತು. ಹೊಸ ಲಸಿಕೆ ಶೇಕಡಾ ಎಷ್ಟು ಪರಿಣಾಮಕಾರಿ ಎಂದು ಅಚ್ಚು ಹಾಕುವಾಗ, ಅದು ಎಷ್ಟು ಬಿಸಿ ತಾಳುತ್ತದೆ, ಹೆಪ್ಪುಗಟ್ಟಿದರೆ ಏನಾಗುತ್ತದೆ ಎಂಬುದನ್ನೂ ದಯವಿಟ್ಟು ಕೇಳಿ ಬರೆಯಿರಿ.