ಸಹಿ ಬಿದ್ದ ಮೇಲಿನ ಬಹಿಷ್ಕಾರ

ಮಾನ್ಯರೇ,

ಅಮೆರಿಕದ ಜಾರ್ಜಿಯಾ ರಾಜ್ಯದ 2021ರ ಚುನಾವಣಾ ಕಾಯ್ದೆ ಎಂದೊಡನೆ, ಮತಗಟ್ಟೆಯ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ನೀರು ಹಂಚಬಾರದೆಂಬ ನಿಯಮವೇ ಚರ್ಚೆಯಾಗುತ್ತದೆ. ದೊಡ್ಡ ಪೆಟ್ಟು ಬಿದ್ದದ್ದು ಅಂಚೆ ಮತಕ್ಕೆ. ಮೊದಲು 180 ದಿನ ಮುಂಚೆಯೇ ಅರ್ಜಿ ಹಾಕಬಹುದಿತ್ತು. ಈಗ 78 ದಿನ. ಚುನಾವಣೆಗೆ 11 ದಿನ ಇರುವಾಗಲೇ ಅರ್ಜಿ ಬಂದ್. ತುಂಬಿದ ಅಂಚೆ ಮತಪತ್ರ ಹಾಕುವ ಪೆಟ್ಟಿಗೆ ಕೌಂಟಿಗೆ (ಜಿಲ್ಲೆಯಂಥ ಆಡಳಿತ ಘಟಕ) ಒಂದು ಕಡ್ಡಾಯ, ಹೆಚ್ಚೆಂದರೆ ಲಕ್ಷ ಮತದಾರರಿಗೆ ಒಂದು. ಅದನ್ನೂ ಮುಂಗಡ ಮತದಾನ ಕೇಂದ್ರದೊಳಗೆ, ಕೇಂದ್ರ ತೆರೆದಿರುವ ಹೊತ್ತಿನಲ್ಲಷ್ಟೇ ಬಳಸಬೇಕು. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಅದು ಇದ್ದೂ ಇಲ್ಲದಂತೆ. (ಎರಡು ಶನಿವಾರ ಮುಂಗಡ ಮತದಾನ ಕಡ್ಡಾಯ ಮಾಡಿದ್ದು ಮಾತ್ರ ಒಳ್ಳೆಯ ಕೆಲಸ.)

ಗವರ್ನರ್ ಬ್ರಯಾನ್ ಕೆಂಪ್ ಸಹಿ ಹಾಕಿದ್ದು ಮಾರ್ಚ್ 25ಕ್ಕೆ. ಜಾರ್ಜಿಯಾದಲ್ಲೇ ನೆಲೆಸಿರುವ ಡೆಲ್ಟಾ ವಿಮಾನ ಸಂಸ್ಥೆ, ಕೋಕಾ-ಕೋಲಾ ಕಂಪನಿಗಳ ಮುಖ್ಯಸ್ಥರು ಕಟುವಾಗಿ ಖಂಡಿಸಿದ್ದು 31ಕ್ಕೆ. ಏಪ್ರಿಲ್ 2ಕ್ಕೆ ಬೇಸ್‌ಬಾಲ್ ಲೀಗ್ ಕಾಯ್ದೆಯನ್ನು ವಿರೋಧಿಸಿ, ತಾರಾ ಆಟಗಾರರ ತನ್ನ ಆಲ್-ಸ್ಟಾರ್ ಪಂದ್ಯವನ್ನು ಜಾರ್ಜಿಯಾದ ಅಟ್ಲಾಂಟಾದಿಂದ ತೆಗೆಯುವುದಾಗಿ ಘೋಷಿಸಿತು, ಬಳಿಕ ಡೆನ್ವರ್‌ಗೆ ಒಯ್ದಿತು. ಕಾಯ್ದೆಯನ್ನು ಉಗ್ರವಾಗಿ ವಿರೋಧಿಸಿದ್ದ ಜಾರ್ಜಿಯಾದ ಡೆಮಾಕ್ರಟಿಕ್ ನಾಯಕಿ ಸ್ಟೇಸಿ ಏಬ್ರಮ್ಸ್ ಅವರೇ ಬಹಿಷ್ಕಾರ ಬೇಡವೆಂದಿದ್ದರು, ಏಕೆಂದರೆ ದಿನದ ದುಡಿಮೆ ಕಳೆದುಕೊಳ್ಳುವವರು ಶಾಸಕರಲ್ಲ, ಹೋಟೆಲ್ ನೌಕರರು. 2025ರಲ್ಲಿ ಪಂದ್ಯ ಅಟ್ಲಾಂಟಾಕ್ಕೇ ಮರಳಿತು. ಕಾಯ್ದೆ ಹಾಗೆಯೇ ಇತ್ತು. ಮಸೂದೆ ಸಮಿತಿಯ ಮುಂದಿದ್ದಾಗಲೇ ಕಂಪನಿಗಳು ಬಹಿರಂಗವಾಗಿ, ಗಟ್ಟಿಯಾಗಿ ಮಾತಾಡಬೇಕಿತ್ತು.