ಎರಡು ಹೆಸರಿನ ಹಡಗು

ಪ್ರೀತಿಯ ಓದುಗರೇ,

ಜೂನ್ 22 ಬಂತೆಂದರೆ ಬ್ರಿಟನ್ನಿನಲ್ಲಿ ವಿಂಡ್‌ರಷ್ ದಿನ, ಕೆರಿಬಿಯನ್ ದ್ವೀಪಗಳಿಂದ ವಲಸಿಗರನ್ನು ಹೊತ್ತು ತಂದ ಆ ಹೆಸರಿನ ಹಡಗಿನ ನೆನಪಿಗೆ. ಟಿವಿಯಲ್ಲಿ ಪ್ರತಿ ವರ್ಷ ಅದೇ ಚಿತ್ರ: 1948, ಲಂಡನ್ ಬಳಿಯ ಟಿಲ್ಬರಿ ಬಂದರು, ಸೂಟು ಹ್ಯಾಟು ಹಾಕಿಕೊಂಡು ಹಡಗಿನ ಅಂಚಿಗೆ ಒತ್ತಿ ನಿಂತ ಜಮೈಕಾದ ಹುಡುಗರು. ಆ ಹಡಗಿನ ಹಿಂದಿನ ಕಥೆ ಮಾತ್ರ ಯಾರೂ ಜಾಸ್ತಿ ಹೇಳುವುದಿಲ್ಲ.

ಅದರ ಮೊದಲ ಹೆಸರು ಮೊಂಟೆ ರೋಸಾ. 1930ರಲ್ಲಿ ಹ್ಯಾಂಬರ್ಗ್‌ನಲ್ಲಿ ನೀರಿಗಿಳಿಯಿತು. ದಕ್ಷಿಣ ಅಮೆರಿಕಕ್ಕೆ ವಲಸೆ ಹೋಗುವ ಜರ್ಮನ್ನರಿಗೆಂದು ಕಟ್ಟಿದ ಐದು ಹಡಗುಗಳಲ್ಲಿ ಒಂದು, ಅಂದರೆ ಹುಟ್ಟಿದ್ದೇ ಊರು ಬಿಟ್ಟವರಿಗಾಗಿ. ಆಮೇಲೆ ನಾಜಿಗಳ ವಿಹಾರಯಾತ್ರೆ, ಯುದ್ಧ ಬಂದಾಗ ಸೈನಿಕರ ಸಾಗಣೆ. 1942ರ ನವೆಂಬರಿನಲ್ಲಿ ನಾರ್ವೆಯ 46 ಯಹೂದಿಗಳನ್ನು ನಾಜಿಗಳ ಸಾವಿನ ಶಿಬಿರದತ್ತ ಸಾಗಿಸಿದ್ದೂ ಇದೇ ಹಡಗು. ಅವರಲ್ಲಿ ಬದುಕುಳಿದವರು ಇಬ್ಬರೇ. ಟಿವಿಯ ಆ ಸಂಭ್ರಮದ ಚಿತ್ರ ನೋಡುವಾಗ ಇದೂ ನೆನಪಿರಲಿ ಅಂತ ನನ್ನ ಆಸೆ.

1945ರಲ್ಲಿ ಬ್ರಿಟಿಷರು ವಶಪಡಿಸಿಕೊಂಡು, 1947ರಲ್ಲಿ ಎಂಪೈರ್ ವಿಂಡ್‌ರಷ್ ಎಂದು ಹೆಸರು ಬದಲಿಸಿದರು. ಮರುವರ್ಷ ಜಮೈಕಾ ಮೇಲೆ ಬರುವಾಗ ಜಾಗ ಖಾಲಿ ಇತ್ತು, ಅಲ್ಲಿನ ಪೇಪರಿನಲ್ಲಿ ಜಾಹೀರಾತು ಹಾಕಿದರು, ಕೆಳಗಿನ ಡೆಕ್ಕಿಗೆ 28 ಪೌಂಡ್. ಅಷ್ಟೇ, ದೊಡ್ಡ ಯೋಜನೆ ಗೀಜನೆ ಏನೂ ಇರಲಿಲ್ಲ.

ಬಂದವರು 492 ಜನ ಎಂದು ಪತ್ರಿಕೆಗಳು ಇವತ್ತಿಗೂ ಬರೆಯುತ್ತವೆ. ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಪ್ರಯಾಣಿಕರ ಪಟ್ಟಿ ಬೇರೆ ಹೇಳುತ್ತದೆ: ಒಟ್ಟು 1,027 ಜನ, ಕೆರಿಬಿಯನ್‌ನಿಂದಲೇ 802. ಮೆಕ್ಸಿಕೋದಲ್ಲಿ ಹತ್ತಿದ 66 ಪೋಲಿಷ್ ನಿರಾಶ್ರಿತರೂ ಅದರಲ್ಲಿದ್ದರು. ಬರೀ ಹುಡುಗರಲ್ಲ, ಹೆಂಗಸರೇ 257. ಟೈಪ್ ಮಾಡಿದ ಸಾಲುಗಳಲ್ಲಿ ಹೆಸರು, ವಯಸ್ಸು, ಕಸುಬು, ಹೋಗಿ ಇಳಿಯುವ ವಿಳಾಸ. ದರ್ಜಿ, ಬಡಗಿ, ಮೆಕ್ಯಾನಿಕ್. ಆ ಹಾಳೆ ಉಳಿದದ್ದರಿಂದ ಲೆಕ್ಕ ಸರಿಹೋಯಿತು, ಅಲ್ವಾ?

ಹಡಗು ಉಳಿಯಲಿಲ್ಲ. 1954ರ ಮಾರ್ಚಿನಲ್ಲಿ ಅಲ್ಜೀರಿಯಾ ಬಳಿ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ನಾಲ್ವರು ಸಿಬ್ಬಂದಿ ಸತ್ತರು, ಪ್ರಯಾಣಿಕರೆಲ್ಲ ಪಾರಾದರು. ಎಳೆದೊಯ್ಯುವಾಗ ಮುಳುಗಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಕ್ಯೂನಲ್ಲಿರುವ ಈ ಸರಣಿಯ ಪಟ್ಟಿಗಳು 1960ಕ್ಕೆ ನಿಂತುಬಿಡುತ್ತವೆ. ಬಂದಿಳಿದವರ ವಿವರ ಇದ್ದ ಹಳೇ ಲ್ಯಾಂಡಿಂಗ್ ಕಾರ್ಡುಗಳನ್ನು ಬ್ರಿಟನ್ನಿನ ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತು. ಕೆರಿಬಿಯನ್‌ನಿಂದ ಬಂದು ಅರ್ಧ ಶತಮಾನ ಇಲ್ಲೇ ಬ್ರಿಟನ್ನಿನಲ್ಲಿ ದುಡಿದವರ ಹತ್ತಿರ ದಾಖಲೆ ಕೇಳಿ, ಇಲ್ಲದವರ ಕೆಲಸ ಕಳೆದು, ಕೆಲವರನ್ನು ಗಡಿಪಾರು ಕೂಡ ಮಾಡಿದ್ದು 2018ರಲ್ಲಿ ದೊಡ್ಡ ಸುದ್ದಿಯಾಯಿತು. ಅರವತ್ತರ ದಶಕದಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿ ಬಂದ ನಮ್ಮ ಹಿರಿಯರ ಹೆಸರನ್ನೂ ಆ ಸರಣಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಇದ್ದರೆ ನಿಮ್ಮ ಅಟ್ಟದ ಮೇಲೆ, ಹಳೇ ಸೂಟ್‌ಕೇಸಿನಲ್ಲಿ ಇರಬೇಕು.

ಹಾಗಾಗಿ ಒಂದು ಕೋರಿಕೆ. ಹಡಗಿನ ಟಿಕೆಟ್ಟು, ಊಟದ ಮೆನು, ಸೀಲು ಬಿದ್ದ ಪಾಸ್‌ಪೋರ್ಟ್, ಏನೇ ಸಿಕ್ಕಿದರೂ ಫೋಟೋ ತೆಗೆದು ಕಳಿಸಿ. ಹಡಗಿನ ಹೆಸರು, ಇಳಿದ ಬಂದರು, ವರ್ಷ ಬರೆಯಿರಿ. ಮೂಲ ಪ್ರತಿ ಕಳಿಸಬೇಡಿ, ಸುಮ್ನೆ ಅಂಚೆಯಲ್ಲಿ ಕಳೆದುಹೋದರೆ ಕಷ್ಟ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಿಂದ ಕಂತುಗಳಲ್ಲಿ ಹಾಕುತ್ತೇವೆ.

— ಸಂಪಾದಕ